ಟೀ ಅಂಗಡಿಯ ಹಿರಿಯರು ಬೆನ್ನು ತಿರುಗಿಸಿ ಕೂತರು

ಗೆಳೆಯರೇ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ವಾರ ಸೈಕಲ್ ಹೊಡೆಯುವ ನನ್ನ ಆಸೆ ಇವತ್ತು ಬೆಳಿಗ್ಗೆ ರಾಜಾನುಕುಂಟೆಯಲ್ಲೇ ಮುಗಿದುಹೋಗುವುದರಲ್ಲಿತ್ತು. ಇಲ್ಲಿಂದ ಯಲಹಂಕಕ್ಕೆ ಒಂದು ಗಂಟೆಯೊಳಗೆ ಸೈಕಲ್ಲಿನಲ್ಲಿ ತಲುಪದಿದ್ದರೆ ಇಂಗ್ಲೆಂಡಿನಲ್ಲಿ ಬಸ್ಸಿನಲ್ಲೇ ಸುತ್ತುವುದು ಎಂದು ಹೆಂಡತಿ ಸುಜಾತ ಷರತ್ತು ಹಾಕಿದ್ದಳು. ನನಗೋ, ಹಿರಿಯರು ಎದುರಾದರೆ ಸೈಕಲ್ ಇಳಿದು ಮಾತಾಡಿಸುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಊರು ದಾಟುವಷ್ಟರಲ್ಲಿ ಒಂಬತ್ತು ಸಲ ಇಳಿದಿದ್ದೆ.

“ಹಿಂಗಾದ್ರೆ ಅಲ್ಲಿ ಒಂದೂರು ದಾಟೋಕೆ ಒಂದು ವಾರ ಬೇಕು ಕಣ್ರೀ!” ಎಂದು ಸುಜಾತ ತನ್ನ ಸೈಕಲ್ಲಿನಿಂದಲೇ ಕೂಗಿದಳು.

ಹತ್ತನೆಯವರಾಗಿ ಸಿಕ್ಕವರು ಮುನಿಯಪ್ಪ ತಾತ. ವಿಷಯ ಕೇಳಿದವರೇ, “ಮತ್ಯಾಕ್ಲಾ ಇಳ್ದೆ? ಅತ್ತು, ಸೈಕಲ್ ಅತ್ತು!” ಎಂದು ಗದರಿ, ಮುಂದಿನ ಟೀ ಅಂಗಡಿಗೆ ಫೋನ್ ಮಾಡಿದರು. “ನಮ್ಮೋನು ಸೈಕಲ್ನಾಗೆ ಬತ್ತಾವ್ನೆ. ಅಲ್ಲಿರೋ ಮುದುಕ್ರನ್ನೆಲ್ಲ ಗೋಡೆ ಕಡೆ ತಿರುಗ್ಸು. ಮುಖ ಕಂಡ್ರೆ ಇಳಿದ್ಬಿಡ್ತಾನೆ.”

ನಾನು ಹೋಗುವಾಗ ಆರು ಜನ ಹಿರಿಯರು ಗೋಡೆಗೆ ಮುಖ ಮಾಡಿ ಟೀ ಕುಡಿಯುತ್ತಿದ್ದರು. ಒಬ್ಬರು ತಿರುಗದೆಯೇ ಕೈಯೆತ್ತಿ ಹರಸಿದರು. ಎರಡು ನಿಮಿಷ ಉಳಿದಿರುವಾಗಲೇ ಯಲಹಂಕ ಮುಟ್ಟಿದೆ.

ಸುಜಾತ ಈಗ ಇಂಗ್ಲೆಂಡಿನಲ್ಲಿ ಬಾಡಿಗೆ ಸೈಕಲ್ ಗೊತ್ತು ಮಾಡುತ್ತಿದ್ದಾಳೆ. ಆ ಆರು ಬೆನ್ನುಗಳಿಗೆ ನನ್ನ ನಮಸ್ಕಾರ. ಇಂಗ್ಲೆಂಡಿನ ಮುದುಕರಿಗೆ ಫೋನ್ ಮಾಡುವವರು ಯಾರು ಎಂಬುದೊಂದೇ ಈಗಿನ ಚಿಂತೆ.