ಹಿಟ್ಟಿನ ಗುಳಿಗೆಯ ಪಂಕ್ತಿ

ಹೃದಯದ ಬಗ್ಗೆ ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕವಿಗಳಾದರೆ ಕ್ಷಮಿಸಬಹುದು, ಪಾಪ, ಅವರು ಅದನ್ನು ಕಣ್ಣಾರೆ ಕಂಡವರಲ್ಲ. ನನ್ನ ವೃತ್ತಿಬಾಂಧವರು ದಿನಾ ನೋಡುವವರು. ಆದರೂ ಮೈಕು ಸಿಕ್ಕ ಕೂಡಲೇ ಪ್ರೀತಿ, ಕರುಣೆ, ಕೈಮುಷ್ಟಿಯಷ್ಟು ಗಾತ್ರದ ಅದ್ಭುತ ಎಂದೆಲ್ಲ ಶುರುಹಚ್ಚುತ್ತಾರೆ. ನನ್ನ ಪಾಲಿಗೆ ಅದೊಂದು ಪಂಪು. ನಾನು ಇಡೀ ಆಯುಷ್ಯ ನೋಡಿದ್ದು ಕೆಟ್ಟ ಪಂಪುಗಳನ್ನು.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದು ಎಂದು ಜನ ತಿಳಿದಿದ್ದಾರೆ. ನಿಲ್ಲುವುದಿಲ್ಲ, ಸೋತು ಸೋತು ನಡೆಯುತ್ತದೆ. ಕಾಲು ಬಾತುಕೊಳ್ಳುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಬಾವಿಯಿಂದ ಒಂದು ಕೊಡ ನೀರು ತರುವುದೂ ಗುಡ್ಡ ಹತ್ತಿದಷ್ಟಾಗುತ್ತದೆ. ಇಂಥವರ ಮೈಯಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಸದಾ ಒಂದು ಸಣ್ಣ ಉರಿಯೂತ ಇರುತ್ತದೆ. ಅದನ್ನು ಆರಿಸಿದರೆ ಹೃದಯಕ್ಕೆ ಸುಖ ಸಿಗುತ್ತದೆಯೇ? ಈ ಒಂದು ಪ್ರಶ್ನೆ ನನ್ನ ಯೌವನವನ್ನೂ ತಿಂದಿತು, ಸಂಸಾರದ ನೆಮ್ಮದಿಯನ್ನೂ ತಿಂದಿತು. ನಡುವೆ ದುಬಾರಿ ಚುಚ್ಚುಮದ್ದುಗಳು ಬಂದವು, ಹೋದವು. ಅವನ್ನು ಹಾಡಿ ಹೊಗಳಿದವರೇ ಮರುವರ್ಷ "ಇದು ಫಲಿಸದೆಂದು ನಾವು ಮೊದಲೇ ಹೇಳಿದ್ದೆವು" ಎಂದರು. ನನ್ನ ಕಣ್ಣು ಮಾತ್ರ ಉರಿಯೂತ ತಗ್ಗಿಸುವ ಒಂದು ಹಳೆಯ, ಅಗ್ಗದ ಮಾತ್ರೆಯ ಮೇಲಿತ್ತು. ಅಗ್ಗದ್ದು ಎಂಬ ಕಾರಣಕ್ಕೇ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಕೊನೆಗೆ ನನಗೆ ಕಲಿಸಿದ ಪ್ರೊಫೆಸರರೇ ಆ ಮಾತ್ರೆಯ ಪರೀಕ್ಷೆಗೆ ಮುಖ್ಯಸ್ಥರಾದರು. ನಗರದಲ್ಲಿರುವವರು. ನಮ್ಮ ಕಡೆಯನ್ನೆಲ್ಲ ಸೇರಿಸಿ "ಫೀಲ್ಡ್" ಎನ್ನುತ್ತಾರೆ. ಒಮ್ಮೆ ಬಂದಿದ್ದರು. ಹೊನ್ನಾವರದ ಸೇತುವೆಯ ಮೇಲೆ ಕಾರು ನಿಲ್ಲಿಸಿ ಶರಾವತಿಯ ಎದುರು ಫೋಟೋ ತೆಗೆಸಿಕೊಂಡರು, ಹೊಟ್ಟೆ ತುಂಬ ಬಂಗಡೆ ತಿಂದರು, ಒಬ್ಬ ರೋಗಿಯನ್ನೂ ಮುಟ್ಟದೆ ರೈಲು ಹತ್ತಿದರು. ಆದರೂ ಅವರಿಂದ ಒಂದು ಉಪಕಾರವಾಯಿತು. ಪರೀಕ್ಷೆಯ ಲೆಕ್ಕದಲ್ಲಿ ಕುಮಟೆಯ ನನ್ನ ದವಾಖಾನೆಗೆ, ಹೃದಯ ಬಡಿಯುವುದನ್ನು ಪರದೆಯ ಮೇಲೆ ತೋರಿಸುವ ಒಂದು ಎಕೋ ಯಂತ್ರ ಬಂತು. ಅಲ್ಲಿಯವರೆಗೆ ನನ್ನಲ್ಲಿಗೆ ಬರುವ ಬಡವರು ಎಕೋ ಮಾಡಿಸಬೇಕಾದರೆ ಮಂಗಳೂರಿನ ಬಸ್ಸು ಹತ್ತಬೇಕಿತ್ತು. ಹತ್ತುತ್ತಿರಲಿಲ್ಲ, ಮನೆಯಲ್ಲೇ ಕೂತು ಬಾತುಕೊಳ್ಳುತ್ತಿದ್ದರು.

ಪರೀಕ್ಷೆಯ ನಿಯಮ ಸರಳ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಅದೇ ಬಣ್ಣದ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಅವರಿಗೂ ತಿಳಿಯಬಾರದು, ನನಗೂ ತಿಳಿಯಬಾರದು. ಇದನ್ನು ವಿವರಿಸಿ ಒಪ್ಪಿಗೆ ಪಡೆಯಬೇಕು. ಹೊನ್ನಾವರದ ಒಬ್ಬ ನಿವೃತ್ತ ಸಾಹೇಬರು ಎಲ್ಲ ಕೇಳಿ, "ನನಗೆ ಮಾತ್ರ ಅಸಲಿಯದನ್ನೇ ಹಾಕಿಬಿಡಿ, ಮೇಲಿನವರಿಗೆ ಬೇಕಾದರೆ ಒಂದು ಮಾತು ಹೇಳಿಸುತ್ತೇನೆ" ಎಂದರು. ಭಟ್ಕಳದ ಒಬ್ಬ ಅಜ್ಜಿಯ ಮಗ ದುಬೈಯಿಂದ ವಿಡಿಯೋ ಕಾಲಿನಲ್ಲಿ ಉರ್ದುವಿನಲ್ಲಿ ನನ್ನನ್ನು ಪಾಟೀಸವಾಲು ಮಾಡಿದ. ಅಜ್ಜಿ ಅಷ್ಟು ಹೊತ್ತೂ ನಿದ್ದೆ ಮಾಡಿದರು.

ಹಿರೇಗುತ್ತಿಯ ಆಚೆಗಿನ ಒಂದು ಕೇರಿಯಿಂದ ಇದೇ ಕಾಯಿಲೆಯ ಹೆಂಗಸರ ಗುಂಪೊಂದು ಒಂದೇ ಟೆಂಪೋದಲ್ಲಿ ಬರುತ್ತಿತ್ತು. ಗದ್ದೆಯಲ್ಲಿ ಭತ್ತ, ಗೆಣಸು, ಹರಿವೆ ಬೆಳೆಯುವವರು. ಅವರ ಮುಂದಾಳು ಕುಮಟೆಯ ಸಂತೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು. ಊರಿನ ಮದುವೆಗಳಲ್ಲಿ ಹಾಡು ಎತ್ತಿಕೊಡುತ್ತಿದ್ದವಳೂ ಅವಳೇ. ಈಗ ಒಂದು ಸಾಲು ಮುಗಿಯುವುದರೊಳಗೆ ಉಸಿರು ಮುಗಿಯುತ್ತಿತ್ತು. ನನ್ನ ವಿವರಣೆಯನ್ನು ಪೂರ್ತಿ ಕೇಳಿದವಳು ಅವಳೊಬ್ಬಳೇ.

"ನಿಮ್ಮ ತಾಯಿಗಾದ್ರೆ ಯಾವ್ದು ಕೊಡ್ತಿದ್ರಿ ಡಾಕ್ಟ್ರಮ್ಮ?" ಎಂದು ಕೇಳಿದಳು.

"ಮಾತ್ರೆಯಿಂದ ಗುಣ ಉಂಟೋ ಇಲ್ಲವೋ ನನಗೇ ಗೊತ್ತಿಲ್ಲ ಮಾರಾಯ್ತಿ, ಅದನ್ನು ತಿಳಿಯಲಿಕ್ಕೇ ಈ ಪರೀಕ್ಷೆ" ಎಂದೆ. ಅದು ಅಪ್ಪಟ ನಿಜ. ಅವಳು "ಆತು" ಎಂದು ಹೆಬ್ಬೆಟ್ಟು ಒತ್ತಿದಳು. ಉಳಿದವರೂ ಒತ್ತಿದರು.

ತಿಂಗಳುಗಳು ಕಳೆದವು. ಪ್ರತಿ ಭೇಟಿಗೂ ಹಳೆಯ ಬಾಟಲಿ ತಂದು, ಉಳಿದ ಗುಳಿಗೆ ತೋರಿಸಿ, ಹೊಸ ಬಾಟಲಿ ಒಯ್ಯಬೇಕು. ಬೇರೆ ಊರಿನವರ ಬಾಟಲಿಗಳಲ್ಲಿ ಎಷ್ಟೆಷ್ಟೋ ಉಳಿದಿರುತ್ತಿತ್ತು. ಒಬ್ಬರು ಮರೆತಿರುತ್ತಿದ್ದರು, ಒಬ್ಬರು ಏಕಾದಶಿಗೆಂದು ಬಿಟ್ಟಿರುತ್ತಿದ್ದರು. ಈ ಕೇರಿಯವರದು ಮಾತ್ರ ಎಲ್ಲರ ಬಾಟಲಿಯಲ್ಲೂ ಒಂದೇ ಸಮ. ಪ್ರೊಫೆಸರರಿಗೆ ಇದು ತಿಳಿದದ್ದೇ ತಡ, ನಗರದ ಸಮ್ಮೇಳನದಲ್ಲಿ ಆ ಹೆಂಗಸರ ಫೋಟೋವನ್ನು ದೊಡ್ಡ ಪರದೆಯ ಮೇಲೆ ಹಾಕಿ, ಗ್ರಾಮೀಣ ಶಿಸ್ತಿನ ಮಾದರಿ ಎಂದು ಕೊಂಡಾಡಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಊಟ. ದೊಡ್ಡವರಿಗೆ ಒಳಗಿನ ಎ.ಸಿ. ಕೋಣೆ, ನಮ್ಮಂಥ ಫೀಲ್ಡಿನವರಿಗೆ ಹೊರಗೆ ಶಾಮಿಯಾನ. ಒಳಗೆ ಬೇರೆ ಪಾಯಸವಿತ್ತಂತೆ.

ನಾನು ಶಾಮಿಯಾನದ ಕೆಳಗೆ ತಣ್ಣನೆಯ ಪಲಾವ್ ಕಲಸುತ್ತ ಕೂತಿದ್ದರೂ ತಲೆ ಬೇರೆಡೆ ಇತ್ತು. ಇಷ್ಟು ಜನ ಒಂದೇ ಸಮ ಮಾತ್ರೆ ನುಂಗುವ ಊರು ಈ ಭೂಮಿಯ ಮೇಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಆ ಕೇರಿಗೆ ಹೋದೆ.

ಮುಂದಾಳಿನ ಮನೆಯ ಜಗಲಿಯಲ್ಲಿ ಅವರೆಲ್ಲ ಸಾಲಾಗಿ ಕೂತು ಗಂಜಿ ಉಂಡು ಮುಗಿಸಿದ್ದರು. ಅವಳು ಒಂದು ಸ್ಟೀಲ್ ಡಬ್ಬಿ ಹಿಡಿದು, ಒಂದು ತುದಿಯಿಂದ ಗುಳಿಗೆ ಬಡಿಸುತ್ತ ಬರುತ್ತಿದ್ದಳು. ಎಲ್ಲರ ಬಾಟಲಿಯನ್ನೂ ಆ ಒಂದೇ ಡಬ್ಬಿಗೆ ಸುರಿದಿದ್ದರು. ನನ್ನಲ್ಲಿಗೆ ಬರುವ ದಿನ ಉಳಿದದ್ದನ್ನು ಸಮನಾಗಿ ಬಾಟಲಿಗಳಿಗೆ ಹಂಚಿಕೊಂಡು ತರುತ್ತಿದ್ದರಂತೆ. ಯಾರ ಹೊಟ್ಟೆಗೆ ಯಾವ ದಿನ ಮದ್ದು ಹೋಯಿತು, ಯಾವ ದಿನ ಹಿಟ್ಟು ಹೋಯಿತು ಎಂದು ಇನ್ನು ಬ್ರಹ್ಮನೂ ಹೇಳಲಾರ.

ನಾನು ಕೂಗಾಡಿದೆ. ಬುದ್ಧಿ ಇಲ್ಲವೇ, ಇಷ್ಟು ವರ್ಷದ ಕೆಲಸ ಮಣ್ಣುಪಾಲು ಮಾಡಿದಿರಲ್ಲ ಎಂದೆ. ಅವಳು ನಾನು ಸುಸ್ತಾಗುವವರೆಗೆ ಕಾದಳು.

"ಒಂದೇ ಪಂಕ್ತಿಲಿ ಕೂತವ್ರಿಗೆ ಒಬ್ಬರಿಗೆ ತುಪ್ಪ, ಒಬ್ಬರಿಗೆ ನೀರು ಹಾಕೂದು ಹೆಂಗೆ ಡಾಕ್ಟ್ರಮ್ಮ? ಪಂಕ್ತಿಭೇದ ಆಗೂದಿಲ್ವಾ? ನಿಮ್ಗೇ ಗೊತ್ತಿಲ್ಲ ಅಂದ್ರಿ. ಗೊತ್ತಿಲ್ದೆ ಇದ್ದದ್ನ ಎಲ್ಲರೂ ಹಂಚ್ಕಂಡೇ ತಿಂಬೂದು."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಯಾರೋ ಬೆಲ್ಲ, ನೀರು ತಂದುಕೊಟ್ಟರು.

ಪ್ರೊಫೆಸರರಿಗೆ ಫೋನು ಮಾಡಿದೆ. ಅವರಿಗೆ ಸಿಟ್ಟೇ ಬರಲಿಲ್ಲ, ಅದೇ ನನಗೆ ಹೇಸಿಗೆ ಹುಟ್ಟಿಸಿತು. "ನೀವು ಅಲ್ಲಿಗೆ ಹೋಗಲೇ ಇಲ್ಲ ಅಂದುಕೊಳ್ಳಿ. ಬಾಟಲಿಯ ಲೆಕ್ಕ ಸರಿ ಇದೆಯಲ್ಲ. ಬಾಯಿ ಬಿಟ್ಟರೆ ನಿಮ್ಮಲ್ಲಿಯ ಪರೀಕ್ಷಾ ಕೇಂದ್ರ ಮುಚ್ಚುತ್ತಾರೆ, ಯಂತ್ರವನ್ನೂ ಒಯ್ಯುತ್ತಾರೆ. ನಷ್ಟ ಯಾರಿಗೆ, ಯೋಚನೆ ಮಾಡಿ" ಎಂದರು. ಯಂತ್ರದ ಮಾತು ನನಗೆ ನಾಟಿತು. ಅದು ನಾಟುತ್ತದೆಂದು ಅವರಿಗೆ ಗೊತ್ತಿತ್ತು. ಹೃದಯದ ಬಗ್ಗೆ ಸೊಗಸಾಗಿ ಭಾಷಣ ಮಾಡುವವರಲ್ಲವೇ.

ಎರಡು ಮನಸ್ಸಿನಲ್ಲಿ ಕೆಲವು ದಿನ ಒದ್ದಾಡಿದೆ. ಸುಮ್ಮನಿದ್ದರೆ ನಾಳೆ ಆ ಸುಳ್ಳು ಲೆಕ್ಕ ಹಿಡಿದುಕೊಂಡು ಎಲ್ಲೋ ಒಬ್ಬ ಡಾಕ್ಟರು ಮಾತ್ರೆ ಬರೆಯುತ್ತಾನೆ, ಇಲ್ಲವೇ ಬರೆಯದೆ ಬಿಡುತ್ತಾನೆ. ನನ್ನ ಪ್ರಶ್ನೆಗೆ ಉತ್ತರ ಸಿಗದೇ ಹೋದರೂ ಸರಿ, ಸುಳ್ಳು ಉತ್ತರ ಬೇಡ ಅನಿಸಿತು. ಇದ್ದದ್ದನ್ನು ಇದ್ದ ಹಾಗೆ ಪರೀಕ್ಷೆಯ ಸಮಿತಿಗೆ ಬರೆದು ಕಳಿಸಿದೆ. ಕೇಂದ್ರ ಮುಚ್ಚಿತು. ಪ್ರೊಫೆಸರರು ಎಲ್ಲರೆದುರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು, ಆ ಬಳಿಕ ನನ್ನ ಫೋನು ಎತ್ತಲಿಲ್ಲ. ನಾಲ್ಕು ಜನ ಬಂದು ಯಂತ್ರವನ್ನು ವ್ಯಾನಿಗೆ ಏರಿಸಿದರು. ಮಳೆ ಸುರಿಯುತ್ತಿತ್ತು, ಅದಕ್ಕೆ ಒಳ್ಳೆಯ ಪ್ಲಾಸ್ಟಿಕ್ ಹೊದೆಸಿದ್ದರು.

ನಿಜ ಹೇಳಿದವಳು ನಾನು, ಶಿಕ್ಷೆ ನನಗೆ ಬರಲಿಲ್ಲ, ಯಂತ್ರ ಕಳೆದುಕೊಂಡ ರೋಗಿಗಳಿಗೆ ಬಂತು. ನನ್ನ ದವಾಖಾನೆ ನಡೆಯುತ್ತದೆ, ಫೀಸು ಬರುತ್ತದೆ. ಉತ್ತರ ಕೊಡಬೇಕಾಗಿದ್ದುದು ಆ ಟೆಂಪೋದ ಹೆಂಗಸರಿಗೆ. ಇನ್ನು ಅವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ.

ಬಂದರು. ಯಂತ್ರವಿದ್ದ ಮೂಲೆ ಖಾಲಿಯಿರುವುದನ್ನು ನೋಡಿ ಅಲ್ಲೇ ಸಾಲಾಗಿ ಕೂತರು. ಮುಂದಾಳು ಬುಟ್ಟಿಯಿಂದ ಆ ಸ್ಟೀಲ್ ಡಬ್ಬಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ತಳದಲ್ಲಿ ಒಂದು ಹಿಡಿ ಗುಳಿಗೆ ಇದ್ದವು.

"ಇದೆಂತದು?"

"ನಿಮ್ಮ ಪಾಲು. ಸುರುವಿಂದ್ಲೂ ತೆಗೆದಿಟ್ಟಿದ್ದು. ಬಡಿಸಿದವ್ರು ಕಡೆಗೆ ಉಂಬೂದಲ್ರಾ?"

ನಗರದಲ್ಲಿ ನನಗೆ ಯಾರೂ ಒಳಗಿನ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ. ಇಲ್ಲಿ ಮೊದಲ ದಿನದಿಂದ ಹಾಕಿಟ್ಟಿದ್ದರು. ಡಬ್ಬಿಯನ್ನು ಖಾನೆಯೊಳಗೆ ಇಟ್ಟುಕೊಂಡೆ. ಅದರಲ್ಲಿ ಮದ್ದೆಷ್ಟು, ಹಿಟ್ಟೆಷ್ಟು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಅವಳನ್ನು ಮಲಗಿಸಿ ಎದೆಗೆ ಸ್ಟೆತಸ್ಕೋಪ್ ಹಚ್ಚಿದೆ. ಪೂರ್ತಿ ಮಲಗಲಾರದೆ ಮೊಣಕೈ ಊರಿ ಎದ್ದು ಕೂತಳು. ಕಾಲು ಹಿಂದಿನ ಸಲಕ್ಕಿಂತ ಹೆಚ್ಚು ಬಾತಿತ್ತು. ಮೈಯ ನೀರಿಳಿಸುವ ಮಾತ್ರೆಯನ್ನು ಹೆಚ್ಚಿಸಿ, ಎಕೋ ಮಾಡಿಸಿಕೊಂಡು ಬಾ ಎಂದು ಮಂಗಳೂರಿಗೆ ಚೀಟಿ ಬರೆದುಕೊಟ್ಟೆ. ಅವಳು "ಆತು" ಎಂದು ಚೀಟಿಯನ್ನು ಸಣ್ಣಗೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.