ಹೊಸ್ತಿಲು ತುಳಿದರೆ ಗಂಟೆ

ನಮ್ಮ ಮನೆಯ ಟು-ಇನ್-ಒನ್ ರೇಡಿಯೋ ಕಳುವಾದದ್ದು ಅಮ್ಮ ದೇವರಿಗೆ ದೀಪ ಹಚ್ಚುತ್ತಿದ್ದ ಹೊತ್ತಿನಲ್ಲಿ. ಮುಂಬಾಗಿಲು ತೆರೆದಿತ್ತು, ಕಳ್ಳ ನೆಂಟನ ಹಾಗೆ ಒಳಗೆ ಬಂದು ಎತ್ತಿಕೊಂಡು ಹೋಗಿದ್ದ. ಯಡಿಯೂರು ಕೆರೆಯ ಹಿಂದಿನ ನಮ್ಮ ಬೀದಿಯಲ್ಲಿ ತೊಂಬತ್ತರ ದಶಕದಲ್ಲೂ ಮುಸ್ಸಂಜೆ ಎಂದರೆ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆಯುವ ಹೊತ್ತು. ಲಕ್ಷ್ಮಿ ಬರುವ ಹೊತ್ತಿಗೆ ಬಾಗಿಲು ಹಾಕುವವರುಂಟೇ?

"ಲಕ್ಷ್ಮಿ ಬರ್ಲಿಲ್ಲ, ಇದ್ದಿದ್ದೂ ಹೋಯ್ತು. ಕಬ್ಬಿಣದ ಗೇಟ್ ಹಾಕ್ಸಿ ಬೀಗ ಜಡೀತೀನಿ," ಎಂದ ಅಣ್ಣ.

ಅಮ್ಮ ಜಗಳವಾಡಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಅಪ್ಪ ಹೋದ ಮೇಲೆ ಅಡುಗೆಮನೆ, ಬೀರುವಿನ ಬೀಗದಕೈ ಎಲ್ಲವನ್ನೂ ಅಮ್ಮ ತಾನಾಗಿಯೇ ಬಿಟ್ಟುಕೊಟ್ಟಿದ್ದಳು. ತನ್ನದೆಂದು ಉಳಿಸಿಕೊಂಡದ್ದು ಇದೊಂದೇ: ಸಂಜೆ ಬಾಗಿಲು ತೆರೆದು, ದೀಪ ಹಿಡಿದು ಹೊಸ್ತಿಲು ದಾಟಿ, ತುಳಸಿಯ ಮುಂದಿಡುವುದು. ಬೀಗ ಬಿದ್ದರೆ ಅದೂ ಹೋಗುತ್ತಿತ್ತು.

"ರೀ, ಸ್ವಲ್ಪ ದಿನ ತಡೀರಿ," ಎಂದರು ಅತ್ತಿಗೆ. "ಬಾಗ್ಲು ತೆಗ್ದೇ ಇರ್ಲಿ. ನಾನೊಂದು ಮಾಡ್ತೀನಿ."

ಅತ್ತಿಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮದುವೆಗೆ ಉಡುಗೊರೆ ಬಂದ ಗಡಿಯಾರವನ್ನೂ ಬಿಚ್ಚಿ ನೋಡಿದವರು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಒಂದು ಚೀಲ ಸಾಮಾನು ತಂದು ಊಟದ ಮೇಜಿನ ಮೇಲೆ ಹರವಿಕೊಂಡು ಕೂತರು. ಮನೆತುಂಬ ಬೆಸುಗೆಯ ಹೊಗೆ. ಕೊಂಕು ನುಡಿಯುವುದರಲ್ಲಿ ನಾನು ಎತ್ತಿದ ಕೈ. "ಅತ್ತಿಗೆ, ಸಾರಿಗೆ ಒಗ್ಗರಣೇನೂ ಇದ್ರಲ್ಲೇನಾ?" ಎಂದೆ. "ಮೊದ್ಲು ನಿನ್ನ ಬಾಯಿಗೆ ಬೆಸುಗೆ ಹಾಕ್ತೀನಿ ಇರು," ಎಂದರು, ತಲೆಯೆತ್ತದೆ.

ಮಾಡಿ ಮುಗಿಸಿದ್ದನ್ನು ನೋಡಿ ನನ್ನ ಬಾಯಿ ತಾನಾಗಿಯೇ ಮುಚ್ಚಿತು. ಹೊಸ್ತಿಲ ಮೇಲೆ ಅಷ್ಟೇ ಅಗಲದ ತೆಳು ಹಲಗೆ, ಅದರಡಿ ಪುಟ್ಟ ಸ್ಪ್ರಿಂಗುಗಳು, ಎರಡು ತಾಮ್ರದ ಪಟ್ಟಿ. ಹಲಗೆ ತುಳಿದರೆ ಪಟ್ಟಿಗಳು ಕೂಡಿ ಹಳೇ ಫೋನಿನ ಗಂಟೆ ಬಡಿದುಕೊಳ್ಳುತ್ತಿತ್ತು. ಕತ್ತಲನ್ನು ಗುರುತಿಸುವ, ಅವರೆಕಾಳಿನಷ್ಟು ಸಣ್ಣ ಸಾಮಾನೊಂದು ಕಿಟಕಿಯಲ್ಲಿತ್ತು. ಸಂಜೆಯಾದೊಡನೆ ಅದು ಅಂಗಳದ ದೀಪ ಹಚ್ಚಿ, ಹೊಸ್ತಿಲ ಗಂಟೆಯನ್ನೂ ಎಚ್ಚರಿಸುತ್ತಿತ್ತು. ಯಾರೂ ಸ್ವಿಚ್ಚು ಒತ್ತಬೇಕಿರಲಿಲ್ಲ.

"ಮನೆಯವ್ರು ಯಾರೂ ಹೊಸ್ಲು ತುಳಿಯಲ್ಲ, ದಾಟ್ತಾರೆ," ಎಂದು ಅತ್ತಿಗೆ ಅಮ್ಮನಿಗೆ ವಿವರಿಸಿದರು. "ಕದಿಯೋಕೆ ಬಂದೋನಿಗೆ ಆ ನಯ ಎಲ್ಲಿರತ್ತೆ ಅತ್ತೆ?"

"ಮರ್ಯಾದಸ್ಥ ಕಳ್ಳ ಬಂದ್ರೆ?" ಎಂದೆ.

ಅಮ್ಮನಿಗೆ ಹಿಗ್ಗೋ ಹಿಗ್ಗು. ಹಲಗೆಗೆ ತಾನೇ ಅರಿಸಿನ ಬಳಿದು ರಂಗೋಲಿ ಎಳೆದಳು. "ನಮ್ಮನೇಲಿ ಹೊಸ್ಲು ತುಳಿಯೋರು ಹುಟ್ಟಿಲ್ಲ ಬಿಡು," ಎಂದಳು. ಮೊದಲ ಸಂಜೆಯೇ ತುಳಿದು ಗಂಟೆ ಬಾರಿಸಿದವನು ಅಣ್ಣ. ಅಮ್ಮನ ಬೈಗುಳದ ಮುಂದೆ ಆ ಗಂಟೆ ಏನೂ ಅಲ್ಲ. ಆಮೇಲೆ ಕೇಬಲ್ಲಿನವನು, ಪಕ್ಕದ ಮನೆಯ ಆಂಟಿ, ಎದುರು ಮನೆಯ ಅಂಕಲ್, ಎಲ್ಲರೂ ಸಿಕ್ಕಿಬಿದ್ದರು. ಕಳ್ಳ ಮಾತ್ರ ಬರಲಿಲ್ಲ. ಬೀದಿಗೆ ಬೀದಿಯೇ ನಮ್ಮ ಹೊಸ್ತಿಲು ದಾಟುವುದನ್ನು ಕಲಿಯಿತು.

ಕೆಲವು ವರ್ಷ ಕಳೆದವು. ಒಂದು ಸಂಜೆ ಗಂಟೆ ಬಡಿಯಿತು. ಓಡಿದೆವು. ಬಾಗಿಲಲ್ಲಿ ದೀಪ ಹಿಡಿದ ಅಮ್ಮನ ಹೊರತು ಯಾರೂ ಇಲ್ಲ. "ತಂತಿ ಕೆಟ್ಟಿದೆ ನೋಡೇ," ಎಂದಳು. ಅತ್ತಿಗೆ ಹಲಗೆ ಬಿಚ್ಚಿ ನೋಡಿ, "ಹೌದು ಅತ್ತೆ, ಸ್ಪ್ರಿಂಗ್ ಸಡಿಲ ಆಗಿತ್ತು," ಎಂದರು. ನಾನೂ ಒತ್ತಿ ನೋಡಿದೆ. ಸ್ಪ್ರಿಂಗು ಗಟ್ಟಿಯಾಗಿಯೇ ಇತ್ತು. ಅತ್ತಿಗೆ ಕಣ್ಣಲ್ಲೇ ಸುಮ್ಮನಿರು ಎಂದರು. ಮರುದಿನದಿಂದ ಗಮನಿಸತೊಡಗಿದೆ. ಕೈಯಲ್ಲಿನ ದೀಪದ ಬೆಳಕು ಕಣ್ಣಿಗೆ ರಾಚಿ, ಅಮ್ಮ ಕಾಲಿನ ಹೆಬ್ಬೆರಳಿನಿಂದ ಹೊಸ್ತಿಲನ್ನು ತಡಕುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದೀಪವನ್ನು ಕೈಯಿಂದ ತೆಗೆದುಕೊಂಡುಬಿಡುತ್ತೇವೆಂಬ ಅಂಜಿಕೆ.

ಗಂಟೆ ಮತ್ತೆ ಮತ್ತೆ ಬಡಿಯಿತು. ಕೊನೆಗೊಂದು ಸಂಜೆ ಅಣ್ಣನಿಗೆ ರೇಗಿತು.

"ಸುಮ್‌ಸುಮ್ನೆ ಹೊಡ್ಕೊಳೋ ಗಂಟೆ ಇಟ್ಕೊಂಡು ಏನ್ ಮಾಡೋದು? ನಾಳೆ ಇದನ್ನ ಕಿತ್ತಾಕಿ ಗೇಟ್ ಕೂರಿಸ್ತೀನಿ."

"ನಂದೇ ತಪ್ಪು ರೀ. ಸರಿಯಾಗಿ ಮಾಡ್ಲಿಲ್ಲ. ಇನ್ನೊಂದ್ಸಲ ರಿಪೇರಿ ಮಾಡ್ತೀನಿ," ಎಂದರು ಅತ್ತಿಗೆ.

ತನ್ನ ಕೈಕೆಲಸವನ್ನು ಯಾರಾದರೂ ಆಡಿಕೊಂಡರೆ ಸಹಿಸದ ಹೆಂಗಸು ಆಕೆ. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಒಂದಿಷ್ಟೂ ಕಡಿಮೆಯಾಗಿಲ್ಲ.

ಅಮ್ಮ ದೀಪವನ್ನು ನೆಲಕ್ಕಿಟ್ಟಳು.

"ಅವ್ಳನ್ನ ಯಾಕೋ ಬೈತೀಯಾ? ಅದು ಒಂದಿನಾನೂ ಸುಳ್ಳು ಹೊಡ್ಕೊಂಡಿಲ್ಲ. ಹೊಸ್ಲು ತುಳಿದೋಳು ನಾನು. ನಂಗೆ ಕಾಣಿಸ್ತಿಲ್ಲ ಕಣೋ."

ಕಣ್ಣಿನ ಡಾಕ್ಟರು, ಪೊರೆ, ಆಪರೇಷನ್ನು ಎಲ್ಲ ಆಮೇಲಿನ ಮಾತು. ಮರುದಿನ ಗೇಟು ಬರಲಿಲ್ಲ. ಅತ್ತಿಗೆ ಹೊಸ್ತಿಲ ಪಕ್ಕದಲ್ಲಿ, ನೆಲಕ್ಕೆ ತಾಗಿದಂತೆ, ಒಂದು ಪುಟ್ಟ ಬಲ್ಬು ಸೇರಿಸಿದ್ದರು. ಕತ್ತಲಾಗುತ್ತಿದ್ದಂತೆ ಅದೂ ತಾನಾಗಿ ಹತ್ತಿಕೊಂಡಿತು. ಅಮ್ಮ ಬಾಗಿಲು ತೆರೆದಳು. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದನ್ನು ಸೊಸೆಯ ಕಡೆ ಚಾಚಿ, "ಹಿಡ್ಕೊಳೇ," ಎಂದಳು. ಕಾಲೆತ್ತಿ ದಾಟಿದಳು. ಗಂಟೆ ಬಡಿಯಲಿಲ್ಲ.