ನಾರಾವಿಗೆ ಹೋದ ಎರಡು ಡಬ್ಬಿ

ಮಗಳು ತೀರಿಹೋಗಿ ತಿಂಗಳು ಕಳೆದಿತ್ತು. ಮಾತಾಡಿಸಿ ಹೋಗಲು ಬಂದಿದ್ದ ಕನ್ಯಾನದ ಕಡೆಯ ನೆಂಟರೊಬ್ಬರು ಒಂದು ಕಟ್ಟು ತಾಳೆಯ ಓಲೆಬೆಲ್ಲವನ್ನು ಮೇಜಿನ ಮೇಲೆ ಇಟ್ಟು ಹೋಗಿದ್ದರು. ಎರಡು ದಿನ ನಾನು ಅದರ ಕಡೆ ನೋಡಲಿಲ್ಲ. ಮೂರನೆಯ ದಿನ ಇರುವೆ ಮುತ್ತಿದವು ಎಂದು ಕಟ್ಟು ಬಿಚ್ಚಿದೆ. ಒಣ ಓಲೆಯ ಒಳಗಿನಿಂದ ಹೊಗೆಯೂ ಹುಳಿಯೂ ಕೂಡಿದ ಆ ವಾಸನೆ ಬಂತು. ಕಪ್ಪು ಬೆಲ್ಲ, ಕೈಗೆ ಅಂಟುವಂಥದ್ದು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೆನಪಾದದ್ದು ಮಗಳಲ್ಲ, ಮಾಮಿ...

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಗುರುವಾಯನಕೆರೆಯಲ್ಲಿದ್ದೆವು. ನನ್ನ ಗಂಡ ಬಸ್ಸಿನ ಬುಕಿಂಗ್ ಆಫೀಸಿನಲ್ಲಿ ಟಿಕೆಟು ಬರೆಯುತ್ತಿದ್ದರು. ಒಂದೇ ಹಂಚಿನ ಮಾಡಿನ ಕೆಳಗೆ ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಾಮಿ. ಸಂಬಂಧದಿಂದ ಮಾಮಿಯಲ್ಲ, ಕರೆದು ಅಭ್ಯಾಸ. ಅವರ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಒಬ್ಬಳೇ ಮಗಳನ್ನು ನಾರಾವಿಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ.

ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ಬಯಕೆ ಮಾಡುತ್ತಾರೆ. ತಾಯಿಮನೆಯವರು ತಿಂಡಿಗಳನ್ನು ಕೊಂಡುಹೋಗಿ ಮಡಿಲಿಗೆ ಹಾಕಿ, ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಬರುತ್ತಾರೆ. ಆ ತಿಂಡಿಗಳಲ್ಲಿ ಹುರಿದ ಗೇರುಬೀಜ ಎರಡು ಡಬ್ಬಿ ಇರಬೇಕು, ಒಂದು ಸಿಹಿ, ಒಂದು ಖಾರ. ಸುತ್ತಿನ ಯಾರ ಮನೆಯ ಬಯಕೆಯಾದರೂ ಆ ಎರಡು ಡಬ್ಬಿ ಮಾಮಿಯ ಕೈಯಿಂದಲೇ ಆಗಬೇಕಿತ್ತು.

ಮಾಡುವುದು ಸುಲಭವಲ್ಲ. ಬಿಸಿಲಿಗೆ ಒಣಗಿಸಿದ ಹಸಿಬೀಜವನ್ನು ಅಂಗಳದಲ್ಲಿ ತೂತಿನ ಮಡಕೆಗೆ ಹಾಕಿ, ತೆಂಗಿನ ಗೆರಟೆಯ ಬೆಂಕಿಯಲ್ಲಿ ಸುಡಬೇಕು. ಸಿಪ್ಪೆಯ ಎಣ್ಣೆ ಚಟಚಟ ಸಿಡಿದು ಬೀಜಕ್ಕೇ ಬೆಂಕಿ ಹತ್ತಿಕೊಳ್ಳುತ್ತದೆ. ಆಗ ಬೂದಿಗೆ ಸುರಿದು ಆರಿಸಿ, ಮರದ ಕೊಡತಿಯಿಂದ ಒಂದೊಂದಾಗಿ ಒಡೆಯಬೇಕು. ಎಣ್ಣೆ ತಾಗಿದಲ್ಲಿ ಚರ್ಮ ಏಳುತ್ತದೆ. ಆಮೇಲೆ ಒಳಸಿಪ್ಪೆ ಬಿಡಿಸಿ ಬಂಡಿಯಲ್ಲಿ, ಅಂದರೆ ಬಾಣಲೆಯಲ್ಲಿ, ಸಣ್ಣ ಬೆಂಕಿಗೆ ಮತ್ತೊಮ್ಮೆ ಹುರಿಯುವುದು. ಖಾರಕ್ಕೆ ಉಪ್ಪುನೀರು ಚಿಮುಕಿಸಿ ಕಾಳುಮೆಣಸು. ಸಿಹಿಗೆ ಓಲೆಬೆಲ್ಲದ ಪಾಕ, ಏಲಕ್ಕಿ. ಪಾಕಕ್ಕೆ ಬೀಜ ಹಾಕಿದ ಮೇಲೆ ಕೈ ಬಿಡದೆ ಮಗುಚಬೇಕು. ಬೇಗ ಇಳಿಸಿದರೆ ಅಂಟಂಟು, ತಡವಾದರೆ ಕಹಿ. ಓಲೆಬೆಲ್ಲ ಮೊದಲೇ ಕಪ್ಪು, ಬಣ್ಣ ನೋಡಿ ತಿಳಿಯುವುದಿಲ್ಲ. ಬಾಯಿಗೆ ಹಾಕಿ ನೋಡುವ ಹಾಗೂ ಇಲ್ಲ, ಏಕೆಂದರೆ ಬಯಕೆಯದ್ದನ್ನು ಮೊದಲು ದೇವರ ಮುಂದೆ ಇಡಬೇಕು, ಮಡಿಲಿಗೆ ಹಾಕುವವರೆಗೆ ಎಂಜಲಾಗಬಾರದು. ಮಾಮಿ ಎಲ್ಲವನ್ನೂ ಮೂಗಿನಿಂದಲೇ ಮಾಡುತ್ತಿದ್ದರು.

ಒಂದು ಮಳೆಗಾಲ, ಆಟಿ ತಿಂಗಳಲ್ಲಿ ಅವರು ಜ್ವರ ಹಿಡಿದು ಹದಿನೈದು ದಿನ ಮಲಗಿದರು. ಎದ್ದು ಓಡಾಡತೊಡಗಿದ ಮೇಲೆ ಒಂದು ಬೆಳಿಗ್ಗೆ ಅವರ ಮನೆಯಿಂದ ಹಾಲು ಹೊತ್ತಿದ ವಾಸನೆ ಬಂತು. ಓಡಿಹೋಗಿ ನೋಡಿದರೆ ಮಾಮಿ ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ ಅಲಸಂಡೆ ಮುರಿಯುತ್ತ ಕೂತಿದ್ದರು.

"ಮಾಮೀ, ಹಾಲು!"

ಅವರು ತಿರುಗಿ ನೋಡಿದರು. ಪಾತ್ರೆ ಇಳಿಸಲಿಲ್ಲ, ನನ್ನ ಮುಖವನ್ನೇ ನೋಡಿದರು. "ನಿನಗೆ ಅಲ್ಲಿಗೆ ಬಂತಾ?" ಎಂದು ಕೇಳಿದರು.

ಜ್ವರ ಹೋಗುವಾಗ ವಾಸನೆಯನ್ನೂ ಕೊಂಡುಹೋಗಿತ್ತು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಬರೆಯುವಾಗ ಕನ್ನಡವಾಗುತ್ತದೆ. ಆ ದಿನ ಅವರು ನನ್ನ ಕೈ ಹಿಡಿದು ಹೇಳಿದ್ದು ಇಷ್ಟು: "ಯಾರ ಹತ್ತಿರವೂ ಹೇಳಬೇಡ ಮಗಾ. ನಾರಾವಿಗೆ ಗೊತ್ತಾದರೆ, ಹಾಲು ಹೊತ್ತಿದ್ದು ತಿಳಿಯದವಳ ಮನೆಗೆ ಬಾಣಂತನಕ್ಕೆ ಕಳಿಸಲಿಕ್ಕಿಲ್ಲ ಅಂತಾರೆ." ಮಗಳು ಆಗಿನ್ನೂ ಬಸುರಿಯೂ ಆಗಿರಲಿಲ್ಲ. ಆದರೂ ಅವರಿಗೆ ಮೊದಲು ಬಂದ ಹೆದರಿಕೆ ಅದೇ.

ಹಾಗೆ ನಾನು ಅವರ ಮೂಗಾದೆ. ಯಾರಾದರೂ ಬೀಜ ತಂದುಕೊಟ್ಟರೆ ಮಾಮಿ ಗೋಡೆ ತಟ್ಟುತ್ತಿದ್ದರು. ನಾನು ಹೋಗಿ ಒಲೆಯ ಪಕ್ಕ ಕೂರುತ್ತಿದ್ದೆ. ಅವರು ಮಗುಚುತ್ತ "ಈಗ?" ಎನ್ನುವರು. "ಹಸಿ ಉಂಟು ಮಾಮಿ." ಮತ್ತೆ, "ಈಗ?" "ಸ್ವಲ್ಪ." "ಸ್ವಲ್ಪ ಅಂದರೆ ಎಷ್ಟು ಮಾರಾಯ್ತಿ, ಬಸ್ಸು ಬಂತು ಅನ್ನುವ ಸ್ವಲ್ಪವಾ, ನಿನ್ನ ಗಂಡ ಊಟಕ್ಕೆ ಬಂದೆ ಅನ್ನುವ ಸ್ವಲ್ಪವಾ?" ನನ್ನ ಗಂಡ ಹೇಳಿದ ಹೊತ್ತಿಗೆ ಊಟಕ್ಕೆ ಬಂದವರೇ ಅಲ್ಲ. ಇಬ್ಬರೂ ನಗುತ್ತಿದ್ದೆವು. ನಾನು "ಆಯಿತು" ಎಂದ ಕ್ಷಣಕ್ಕೆ ಬಂಡಿ ಕೆಳಗಿರುತ್ತಿತ್ತು. ಒಮ್ಮೆಯೂ ಅವರು ನನ್ನ ಮಾತಿನ ಮೇಲೆ ಸಂಶಯಪಡಲಿಲ್ಲ. "ನಿನ್ನ ಮೂಗಿಗೆ ಒಂದು ಹರಳಿನ ಮೂಗುತಿ ಮಾಡಿಸಿ ಹಾಕಬೇಕು," ಎನ್ನುತ್ತಿದ್ದರು. ಊರಿಗೆ ಏನೂ ಗೊತ್ತಾಗಲಿಲ್ಲ. ಒಂದು ಬೇಸಿಗೆ ಹಾಗೆ ಕಳೆದು ಇನ್ನೊಂದು ಬಂತು.

ಎರಡನೆಯ ಬೇಸಿಗೆಯಲ್ಲಿ ನಾರಾವಿಯ ಮಗಳಿಗೆ ಏಳು ತಿಂಗಳು ತುಂಬಿತು. ಮಾಮಿ ತಮ್ಮ ಮನೆಯ ಒಳಕೋಣೆಗೆ ಸೆಗಣಿ ಸಾರಿಸಿ, ಹೊಸ ಚಾಪೆ ಹಾಸಿ, ಹಗ್ಗದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಇಟ್ಟರು. ಬಯಕೆಗೆ ಹೋಗುವುದು, ಮರುದಿನ ಮಗಳನ್ನು ಕರೆದುಕೊಂಡು ಬರುವುದು. ನನ್ನ ಗಂಡನ ಹತ್ತಿರ ಹೋಗುವುದಕ್ಕೆ ಒಂದು ಸೀಟು, ಬರುವುದಕ್ಕೆ ಮುಂದಿನ ಸಾಲಿನಲ್ಲಿ ಎರಡು ಸೀಟು ಹೇಳಿಸಿದ್ದರು. "ಹಿಂದೆ ಬೇಡ, ಕುಲುಕುತ್ತದೆ," ಎಂದು ಮೂರು ಸಲ ಹೇಳಿದ್ದರು.

ಅದೇ ದಿನಗಳಲ್ಲಿ ನನಗೂ ಎರಡು ತಿಂಗಳಾಗಿತ್ತು. ಗಂಡನಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಹಿಂದಿನ ಸಲ ಎರಡು ತಿಂಗಳಿಗೇ ಸಂತೋಷದಿಂದ ಎಲ್ಲರಿಗೂ ಹೇಳಿದ್ದೆ, ಬಂಟ್ವಾಳದ ತಾಯಿಮನೆಗೆ ಕಾಗದವನ್ನೂ ಬರೆದಿದ್ದೆ. ಮುಂದಿನ ವಾರವೇ ಬಸಿರು ಇಳಿದುಹೋಗಿತ್ತು. "ಮೂರು ತಿಂಗಳು ತುಂಬದೆ ಯಾರಾದರೂ ಹೇಳುತ್ತಾರಾ?" ಎಂದು ನನ್ನ ಅಮ್ಮ ಬೈದಿದ್ದರು. ಆದ್ದರಿಂದ ಈ ಸಲ ಬಾಯಿ ಹೊಲಿದುಕೊಂಡಿದ್ದೆ, ಮಾಮಿಯ ಮುಂದೆಯೂ.

ಖಾರದ ಬೀಜ ಹಿಂದಿನ ದಿನವೇ ಚೆನ್ನಾಗಿ ಆಗಿತ್ತು. ಸಿಹಿಯ ದಿನ ಗೋಡೆ ತಟ್ಟಿದ ಸದ್ದಿಗೆ ಹೋಗಿ ಕೂತೆ. ಓಲೆಬೆಲ್ಲ ಕರಗಿ ಕುದಿ ಬಂದದ್ದೇ ನನಗೆ ಹೊಟ್ಟೆ ತೊಳೆಸಿತು. ಎದ್ದು ಹೋಗಬೇಕಿತ್ತು. ಎದ್ದರೆ ಏಕೆ ಎಂದು ಕೇಳುತ್ತಾರೆ... ಸೆರಗನ್ನು ಮೂಗಿಗೆ ಒತ್ತಿಹಿಡಿದು ಬಾಯಿಯಿಂದ ಉಸಿರಾಡುತ್ತ ಕೂತೆ.

"ಈಗ?"

"ಹಸಿ ಉಂಟು ಮಾಮಿ."

ಏನೂ ಮೂಸದೆ ಹೇಳಿದೆ. ಹಿಂದಿನ ಸಲಗಳ ಹೊತ್ತಿನ ಅಂದಾಜಿನ ಮೇಲೆ ಹೇಳಿದೆ. ಆದರೆ ಆ ದಿನದ ಗೆರಟೆ ಒಣಗಿದ್ದವು, ಬೆಂಕಿ ಹೆಚ್ಚಿತ್ತು.

"ಈಗ? ಸರಿ ನೋಡಿ ಹೇಳು ಮಗಾ, ನನ್ನ ಹುಡುಗಿಯದ್ದು."

"ಇನ್ನೂ ಸ್ವಲ್ಪ."

ಮೂರನೆಯ ಸಲ "ಆಯಿತು" ಎಂದವಳೇ ಹಿತ್ತಿಲಿನ ಬಾಳೆಯ ಬುಡಕ್ಕೆ ಓಡಿ ವಾಂತಿ ಮಾಡಿದೆ. ವಾಪಸು ಬಂದಾಗ ಅವರು ಬೀಜವನ್ನು ಬಾಳೆಲೆಯ ಮೇಲೆ ಹರಡುತ್ತಿದ್ದರು. "ಏನಾಯಿತು?" ಎಂದರು. "ನಿನ್ನೆಯ ಮೀನು ಆಗಲಿಲ್ಲ ಮಾಮಿ," ಎಂದೆ.

ಅವರು ಒಂದು ಹಿಡಿಯನ್ನು ದೇವರ ಮುಂದೆ ಇಟ್ಟು, ಉಳಿದದ್ದನ್ನು ಡಬ್ಬಿಗೆ ತುಂಬಿ, ಮರುದಿನ ಬೆಳಗಿನ ಬಸ್ಸಿಗೆ ಹೋದರು.

ಅದರ ಮಾರನೆಯ ದಿನ ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದವರು ಕೈ ತೊಳೆಯುತ್ತ, "ಮುಂದಿನ ಎರಡು ಸೀಟಿನಲ್ಲಿ ಮಾಮಿ ಒಬ್ಬರೇ ಬಂದರು," ಎಂದರು.

ನಾನು ಹೋದಾಗ ಮಾಮಿ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಸಿಹಿಯ ಡಬ್ಬಿ. "ತಿಂದು ನೋಡು," ಎಂದರು. ಒಂದು ಬೀಜ ಬಾಯಿಗೆ ಹಾಕಿದೆ. ಮೊದಲು ಸಿಹಿ ಬಂತು, ಹಿಂದೆಯೇ ಕಹಿ. ಉಗುಳಲಾಗಲಿಲ್ಲ, ನುಂಗಿದೆ.

"ಕಹಿ ಅಲ್ವಾ?"

"ಹೌದು ಮಾಮಿ."

ಅವರು ನಿಧಾನವಾಗಿ ಹೇಳಿದರು. ನೆಂಟರು ಕೂತಿದ್ದಾಗಲೇ ಡಬ್ಬಿ ತೆರೆದಿದ್ದರಂತೆ. ಮಗಳ ಅತ್ತೆ ಒಂದು ಕಚ್ಚಿ, "ಆರು ವರ್ಷ ಕಾಯಿಸಿ ಈಗ ಬಸುರಿಗೆ ಕಹಿ ತಿನ್ನಿಸುದಾ? ನಿಮ್ಮಲ್ಲಿ ಹೀಗೆಯಾ ಬಯಕೆ?" ಎಂದರಂತೆ. ಮಡಿಲಿಗೆ ಕಹಿ ಬಿತ್ತೆಂದು ಹೆಂಗಸರೆಲ್ಲ ಗುಸುಗುಸು ಮಾಡಿದರಂತೆ. ಬೇಕೆಂದು ಮಾಡಿದ್ದಲ್ಲ ಎಂದು ತಿಳಿಸಲು ಮಾಮಿಗೆ ಒಂದೇ ದಾರಿ ಇತ್ತು. "ನನಗೆ ವಾಸನೆ ತಿಳಿಯುದಿಲ್ಲ ಅಂತ ನಾನೇ ಹೇಳಿದೆ ಮಗಾ. ಹೇಳಿದ ಮೇಲೆ ಹುಡುಗಿಯನ್ನು ಕಳಿಸಲಿಲ್ಲ."

ಪಕ್ಕದ ಮನೆಯವಳು ಪಾಕ ನೋಡಿದ್ದು ಎಂದು ಅವರು ಹೇಳಬಹುದಿತ್ತು. ಹೇಳಿರಲಿಲ್ಲ. ನಾನು ಬಾಯಿ ತೆರೆದೆ. ಮೂರು ತಿಂಗಳು ತುಂಬಲು ಇನ್ನೂ ದಿನಗಳಿದ್ದವು... ಮುಚ್ಚಿದೆ. ಅವರು ಡಬ್ಬಿಯನ್ನು ತೆಗೆದುಕೊಂಡು ಹೋಗಿ ಬೂದಿಯ ಗುಂಡಿಗೆ ಸುರಿದರು. ಸಂಜೆ ತೊಟ್ಟಿಲು ಅಟ್ಟಕ್ಕೆ ಹೋಯಿತು. ಮಗಳು ಗಂಡನ ಮನೆಯಲ್ಲೇ ಹೆತ್ತಳು. ಗಂಡುಮಗು, ಚೆನ್ನಾಗಿಯೇ ಇತ್ತು. ಮಾಮಿ ಹೋಗಿ, ನೆಂಟರ ಹಾಗೆ ನೋಡಿಕೊಂಡು ಬಂದರು.

ನಾರಾವಿಯಿಂದ ಸುದ್ದಿ ಬೆಳ್ತಂಗಡಿಗೆ, ಅಲ್ಲಿಂದ ನಮ್ಮ ಪೇಟೆಗೆ ಬಂತು. ಆ ಮೇಲೆ ಯಾರೂ ಅವರಿಗೆ ಬೀಜ ತಂದುಕೊಡಲಿಲ್ಲ. ಗೋಡೆ ತಟ್ಟುವ ಸದ್ದು ನಿಂತಿತು.

ನನ್ನ ಬಯಕೆಗೆ ಬಂಟ್ವಾಳದಿಂದ ಅಮ್ಮ ಬಂದರು. ಗೇರುಬೀಜ ಮಾಮಿಯಿಂದ ಮಾಡಿಸುವ ಎಂದು ನಾನು ಸಣ್ಣ ಸ್ವರದಲ್ಲಿ ಹೇಳಿದೆ. "ಆ ಮೂಗಿಲ್ಲದವಳ ಕೈಯಲ್ಲಾ? ಬೇಡವೇ ಬೇಡ," ಎಂದರು ಅಮ್ಮ. ಆಗ ನನಗೆ ಏಳು ತಿಂಗಳು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆಗಲಾದರೂ ಹೇಳಬಹುದಿತ್ತು, ತಪ್ಪು ಅವರದ್ದಲ್ಲ, ನನ್ನದು ಎಂದು. ಹೇಳಲಿಲ್ಲ. ಹೇಳಿದರೆ ಅಮ್ಮ ಏನು ಅಂದುಕೊಂಡಾರು, ನಾರಾವಿಗೆ ಮುಟ್ಟಿದರೆ ಏನಾದೀತು ಎಂದೆಲ್ಲ ಆಗ ಕಾರಣಗಳಿದ್ದವು. ಇವತ್ತು ಅವು ಯಾವುವೂ ಕಾರಣಗಳಾಗಿ ಕಾಣುವುದಿಲ್ಲ. ಮಾಮಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ನನ್ನ ತಲೆಯ ಮೇಲೆ ಕೈ ಇಟ್ಟು ಹೋದರು.

ಹುಟ್ಟಿದ್ದು ಮಗಳು. ಅವಳಿಗೆ ವರ್ಷ ತುಂಬುವ ಮೊದಲೇ ಗಂಡನಿಗೆ ಮೂಡಬಿದ್ರೆಗೆ ವರ್ಗವಾಯಿತು. ಹೊರಟ ದಿನ ಮಾಮಿ ಮಗುವನ್ನು ಎತ್ತಿಕೊಂಡು ನೆತ್ತಿಗೆ ಮುಖ ಒತ್ತಿ ಬಹಳ ಹೊತ್ತು ನಿಂತಿದ್ದರು. ಮಗುವಿನ ನೆತ್ತಿಯ ವಾಸನೆ ಅವರಿಗೆ ಬರುವುದಿಲ್ಲ ಎಂದು ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಮೂರು ವರ್ಷಗಳ ನಂತರ ಕಂಡಕ್ಟರೊಬ್ಬರು ಮಾಮಿ ತೀರಿಹೋದ ಸುದ್ದಿ ತಂದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ನಾರಾವಿಯಿಂದ ಮಾಮಿಯ ಮಗಳು ಬಂದಿದ್ದಳು. ನನ್ನ ಮಗಳ ಸುದ್ದಿ ಅವಳಿಗೆ ತಡವಾಗಿ ತಿಳಿದಿತ್ತಂತೆ. ಅವಳಿಗೂ ವಯಸ್ಸಾಗಿದೆ, ಕೋಲು ಊರಿಕೊಂಡು ಬಂದಳು. ಚಹಾ ಕೊಟ್ಟು ಎದುರು ಕೂತವಳು, ಏನು ಧೈರ್ಯ ಬಂತೋ, ಎಲ್ಲವನ್ನೂ ಹೇಳಿಬಿಟ್ಟೆ. ಯಾರಿಗಾಗಿ ಅಂದು ಬಾಯಿ ಮುಚ್ಚಿಕೊಂಡೆನೋ ಅವಳೇ ಹೋದ ಮೇಲೆ ಇನ್ನು ಯಾರಿಗಾಗಿ ಮುಚ್ಚಿಕೊಳ್ಳಲಿ...

ಅವಳು ಲೋಟವನ್ನು ಕೆಳಗಿಟ್ಟಳು. "ಅಮ್ಮನಿಗೆ ಗೊತ್ತಿತ್ತು ಅಕ್ಕಾ. ಬಯಕೆಯ ರಾತ್ರಿಯೇ ನನ್ನ ಹತ್ತಿರ ಹೇಳಿದ್ದಳು. ಆ ಹುಡುಗಿಗೆ ವಾಂತಿ ಬರ್ತಾ ಉಂಟು, ಹೇಳಲಿಕ್ಕೆ ಹೆದರ್ತಾಳೆ, ನಾನು ಒಲೆಯ ಹತ್ತಿರ ಕೂರಿಸಬಾರದಿತ್ತು ಅಂತ." ಮತ್ತೆ ಹೇಳಿದಳು. "ನಿಮ್ಮ ಬಯಕೆಗೆ ಬೀಜ ಒಡೆದು ಇಟ್ಟಿದ್ದಳಂತೆ. ಕರೆಯಬಹುದು ಅಂತ."

ಅವಳ ಸ್ವರದಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಡುವಾಗ ಗೋಡೆಯ ಮೇಲಿನ ನನ್ನ ಮಗಳ ಪಟದ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇವಳೇ ಅಲ್ವಾ, ಆಗ ಹೊಟ್ಟೆಯಲ್ಲಿ ಇದ್ದದ್ದು?"

"ಹೌದು," ಎಂದೆ. "ಇವಳೇ."